ಬಸಿಗಾಲುವೆಯ ಸಾಕ್ಷಿ

ಹೋದ ವರ್ಷ ಆಷಾಢದ ಒಂದು ರಾತ್ರಿ ಊರಿನಿಂದ ಅಣ್ಣನ ಫೋನು ಬಂತು. ಇಲ್ಲಿ ಪುಣೆಯಲ್ಲಿ ಜಿಟಿಜಿಟಿ ಮಳೆ. ಹಾವೇರಿ ಜಿಲ್ಲೆಯ ನಮ್ಮೂರಲ್ಲಿ ಮೂರು ದಿನದಿಂದ ಬಿಟ್ಟೂ ಬಿಡದೆ ಸುರಿದಿತ್ತಂತೆ.

"ಗೋವಿನಜೋಳ ಎಲ್ಲಾ ನೀರಾಗ ನಿಂತೈತಿ ತಮ್ಮಾ. ಕಾಕಾನ ಮಗ ಬದು ಒತ್ತಿ ಒತ್ತಿ ಬಸಿಗಾಲುವಿ ಮುಚ್ಚಿಬಿಟ್ಟಾನ. ಇನ್ನ ಸರ್ವೆದವರನ್ನ ಕರಸೋದ," ಎಂದ.

"ನಮ್ಮ ಕಡಿಂದ ನಾವೂ ಒತ್ತಿಲ್ಲೇನಣ್ಣಾ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನೀ ಅಲ್ಲಿರಾಂವ. ನಿನಗೇನ ಗೊತ್ತಾಗತೈತಿ," ಎಂದು ಫೋನಿಟ್ಟ.

ಅವನ ಮಾತು ಸುಳ್ಳಲ್ಲ. ಹದಿನೆಂಟು ವರ್ಷದಿಂದ ಆ ಹೊಲದಲ್ಲಿ ನಾನು ಒಂದು ಸಲಿಕೆ ಮಣ್ಣು ಎತ್ತಿದವನಲ್ಲ. ಪಹಣಿಯಲ್ಲಿ ಮಾತ್ರ ಅವನ ಹೆಸರಿನ ಕೆಳಗೆ ನನ್ನದೂ ಇದೆ. ಆದರೆ ಬದು, ಬಸಿಗಾಲುವೆ ಎಂಬ ಎರಡು ಮಾತು ಕಿವಿಗೆ ಬಿದ್ದೊಡನೆ ನನಗೆ ನೆನಪಾದದ್ದು ಇಂಗ್ಲೆಂಡಿನ ಒಂದು ಹಾಳೂರು. ಕೆಲವು ವರ್ಷಗಳ ಹಿಂದೆ ಕಂಪನಿಯ ಕೆಲಸದ ಮೇಲೆ ಆರು ತಿಂಗಳು ಲೀಡ್ಸ್ ನಗರದಲ್ಲಿದ್ದಾಗ ನೋಡಿದ ಊರು ಅದು. ಹೊಲದ ಎಲ್ಲೆಯನ್ನೂ ನೀರು ಹೋಗುವ ದಾರಿಯನ್ನೂ ಅಗೆದು ಓದುವ ವಿದ್ಯೆಯೊಂದಿದೆ ಎಂದು ನನಗೆ ತಿಳಿದದ್ದು ಅಲ್ಲಿ.

ಉತ್ಖನನ ಎಂದರೆ ನಮ್ಮ ಕಣ್ಣಿಗೆ ಬರುವುದು ಹಂಪಿಯ ಅರಮನೆಗಳ ಅಡಿಪಾಯ, ಸನ್ನತಿಯ ಸ್ತೂಪ. ರೈತನ ಕಾಲುವೆಯನ್ನು ಯಾರು ಅಗೆಯುತ್ತಾರೆ, ಅಗೆದರೂ ಏನು ಸಿಗುತ್ತದೆ ಎಂದು ನಾನೂ ಅಂದುಕೊಂಡಿದ್ದೆ.

ಮೊದಲು ಕಣ್ಣಿಗೆ ಬಿದ್ದದ್ದು ರೈಲಿನ ಕಿಟಕಿಯಿಂದ. ಚಳಿಗಾಲದ ಒಂದು ಸಂಜೆ, ಲೆಸ್ಟರ್ ಸೀಮೆ. ಕುರಿ ಮೇಯುವ ಹುಲ್ಲುಗಾವಲಿನ ಮೇಲೆ ಇಳಿಬಿಸಿಲು ಓರೆಯಾಗಿ ಬಿದ್ದು ನೆಲವೆಲ್ಲ ಉದ್ದುದ್ದ ಪಟ್ಟೆಗಳಾಗಿ ಎದ್ದು ಕಂಡಿತು, ಹಸಿರು ಕಂಬಳಿಯನ್ನು ನೆರಿಗೆ ಹಿಡಿದು ಹಾಸಿದ ಹಾಗೆ. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ, ಅದು ಮಧ್ಯಯುಗದ ಉಳುಮೆ ಎಂದ. ನಾನು ತಮಾಷೆ ಎಂದುಕೊಂಡೆ. ನಮ್ಮಲ್ಲಿ ಹೋದ ವರ್ಷದ ಸಾಲು ಈ ವರ್ಷ ಕಾಣುವುದಿಲ್ಲ.

ಆದರೆ ಅದು ನಿಜ. ಅಲ್ಲಿಯ ಭಾರದ ನೇಗಿಲು ನಮ್ಮ ರಂಟೆಯ ಹಾಗೆ ಮಣ್ಣನ್ನು ಎರಡೂ ಕಡೆ ಸೀಳುವುದಲ್ಲ. ಹಲಗೆಯೊಂದು ಮಣ್ಣನ್ನು ಯಾವಾಗಲೂ ಬಲಕ್ಕೇ ಮಗುಚುತ್ತದೆ. ಪಟ್ಟಿಯ ನಡುವಿನಿಂದ ಹೊರಟು ಬಲಕ್ಕೆ ಸುತ್ತುತ್ತಾ ಉತ್ತರೆ ಪ್ರತಿ ಸುತ್ತಿಗೂ ಮಣ್ಣು ನಡುವಿನ ಕಡೆಗೇ ಬೀಳುತ್ತದೆ. ವರ್ಷ ವರ್ಷ ಹಾಗೆಯೇ ಉಳುತ್ತಾ ಹೋದರೆ ನಡುವೆ ದಿಂಡು ಏಳುತ್ತದೆ, ಎರಡು ದಿಂಡಿನ ನಡುವೆ ತಗ್ಗು ಬೀಳುತ್ತದೆ. ಜಿಗುಟು ಮಣ್ಣಿನ ಸೀಮೆಯಲ್ಲಿ ಆ ತಗ್ಗೇ ಬಸಿಗಾಲುವೆ. ಇಳಿಜಾರಿನ ಗುಂಟ ಉಳುತ್ತಿದ್ದರಿಂದ ಮಳೆನೀರು ತಗ್ಗು ಹಿಡಿದು ಕೆಳಗೆ ಇಳಿಯುತ್ತಿತ್ತು. ದಿಂಡಿನ ಮೇಲಿನ ಗೋಧಿಯ ಬೇರು ಕೊಳೆಯದೆ ಉಳಿಯುತ್ತಿತ್ತು. ಮಗ್ಗುಲಿನ ದಿಂಡು ಇನ್ನೊಬ್ಬನದಾಗಿದ್ದರೆ ನಡುವಿನ ತಗ್ಗು ಇಬ್ಬರ ಎಲ್ಲೆಯೂ ಹೌದು.

ಆ ದಿಂಡುಗಳು ನೇರವಾಗಿಯೂ ಇಲ್ಲ. ಎರಡೂ ತುದಿಯಲ್ಲಿ ತುಸು ಬಾಗಿರುತ್ತವೆ. ಎಂಟು ಎತ್ತು ಕಟ್ಟಿದ ಉದ್ದನೆಯ ಏರನ್ನು ಹೊಲದ ತುದಿಯಲ್ಲಿ ಒಮ್ಮೆಗೇ ತಿರುಗಿಸಲಾಗದು. ತುದಿ ಬರುವ ಮುನ್ನವೇ ಓರೆ ಮಾಡಿಕೊಂಡು ಬರಬೇಕು. ಎತ್ತು ಸತ್ತು, ಉತ್ತವನು ಸತ್ತು ಏಳುನೂರು ವರ್ಷವಾದರೂ ಅವು ತಿರುಗಿದ ಬಾಗು ನೆಲದಲ್ಲಿ ಹಾಗೇ ಇದೆ. ಆಮೇಲೆ ಆ ಹೊಲಗಳನ್ನು ಕುರಿಗಾಗಿ ಹುಲ್ಲಿಗೆ ಬಿಟ್ಟದ್ದರಿಂದ ಅಳಿಯದೆ ಉಳಿದವು. ಮತ್ತೆ ನೇಗಿಲು, ಟ್ರ್ಯಾಕ್ಟರು ಹಾದಲ್ಲಿ ಸಮತಟ್ಟಾಗಿ ಹೋಗಿವೆ.

ಈ ದಿಂಡುಗಳನ್ನು ದಾಖಲೆಯಾಗಿ ಓದಿದವರಲ್ಲಿ ಮಾರಿಸ್ ಬೆರೆಸ್‌ಫರ್ಡ್ ಮುಖ್ಯರು. ಆರ್ಥಿಕ ಇತಿಹಾಸಕಾರರು. ಜಹಗೀರುಗಳ ಹಳೆಯ ನಕ್ಷೆ ಹಿಡಿದು ಹೊಲಗಳಲ್ಲಿ ತಿರುಗಿ, ನಕ್ಷೆಯ ಪಟ್ಟಿಗೂ ನೆಲದ ದಿಂಡಿಗೂ ತಾಳೆ ಬೀಳುತ್ತದೆಂದು ತೋರಿಸಿ 1948ರಲ್ಲಿ ಪ್ರಬಂಧ ಬರೆದರು. ದಿಂಡು ಇದ್ದು ಊರು ಇಲ್ಲದ ಜಾಗಗಳು ಅವರನ್ನು ಕಾಡಿದವು. ಉತ್ತವರು ಎಲ್ಲಿ ಹೋದರು? ಅದೇ ವರ್ಷ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಬಂದ ಅವರು ಯಾರ್ಕ್‌ಶೈರಿನ ಸುಣ್ಣಕಲ್ಲಿನ ಗುಡ್ಡಗಳ ನಡುವೆ ವಾರಂ ಪರ್ಸಿ ಎಂಬ ಹಾಳೂರು ಕಂಡರು. 1950ರಿಂದ 1990ರವರೆಗೆ, ನಲವತ್ತು ಬೇಸಿಗೆ, ಅಲ್ಲಿ ಅಗೆತ ನಡೆಯಿತು. ಜಾನ್ ಹರ್ಸ್ಟ್ ಎಂಬ ಪುರಾತತ್ತ್ವಜ್ಞರು ಆರಂಭದ ವರ್ಷಗಳಲ್ಲೇ ಜೊತೆಗೂಡಿದರು. ಅಗೆದದ್ದನ್ನು ಬರೆದು ಮುಗಿಸಲು 13 ಸಂಪುಟ ಬೇಕಾದವು. ಕೊನೆಯದು ಬಂದದ್ದು 2012ರಲ್ಲಿ.

ನಾನು ಹೋದದ್ದು ಒಂದು ಭಾನುವಾರ. ಗಾಡಿ ನಿಲ್ಲಿಸಿ ಕಣಿವೆಗೆ ನಡೆದು ಇಳಿಯಬೇಕು. ಸೂರು ಇಲ್ಲದ ಚರ್ಚು, ಅರ್ಧ ಬಿದ್ದ ಅದರ ಗೋಪುರ, ಒಂದು ಕೊಳ. ಉಳಿದದ್ದೆಲ್ಲ ಹುಲ್ಲು. ಆದರೆ ಹುಲ್ಲಿನ ಕೆಳಗೆ ಉಬ್ಬು ತಗ್ಗು. ಇದು ಮನೆ, ಇದು ಹಿತ್ತಲು, ಇದು ಬೀದಿ ಎಂದು ಕಾಲಿಗೇ ತಿಳಿಯುತ್ತದೆ. ನಮ್ಮ ಕಡೆಯ ಹಾಳೂರುಗಳಲ್ಲಿ ಒಂಟಿ ಹನುಮಪ್ಪನ ಗುಡಿ ನಿಂತಿರುತ್ತದಲ್ಲ, ಅಲ್ಲಿ ಚರ್ಚು ನಿಂತಿತ್ತು.

ಅಲ್ಲಿಂದ ಬಂದ ಮೇಲೆ ಕಾಲುವೆ ಓದುವುದು ಹೇಗೆಂದು ನಾನು ಪುಸ್ತಕ ಹುಡುಕಿ ಓದಿದೆ. ಒಮ್ಮೆ ತೋಡಿದ ಕಾಲುವೆ ಮುಚ್ಚಿಹೋದರೂ ಸುತ್ತಲಿನ ಗಟ್ಟಿ ನೆಲಕ್ಕೂ ಆಮೇಲೆ ತುಂಬಿದ ಮಣ್ಣಿಗೂ ಬಣ್ಣ ಬೇರೆ, ತೇವ ಬೇರೆ. ಮೇಲ್ಮಣ್ಣು ತೆಗೆದು ಕರಣೆಯಿಂದ ಕೆರೆದು ಹಸನು ಮಾಡಿದರೆ ಗಾಢ ಬಣ್ಣದ ಪಟ್ಟಿಯೊಂದು ಕಾಣುತ್ತದೆ. ಅದಕ್ಕೆ ಅಡ್ಡಲಾಗಿ ಗುಂಡಿ ತೋಡಿ, ಗುಂಡಿಯ ಗೋಡೆಯನ್ನು ನುಣ್ಣಗೆ ಕತ್ತರಿಸುತ್ತಾರೆ. ಕೇಕನ್ನು ಕೊಯ್ದರೆ ಒಳಗಿನ ಪದರ ಕಾಣುವಂತೆ ಕಾಲುವೆಯ ಆಯುಷ್ಯವೆಲ್ಲ ಆ ಗೋಡೆಯ ಮೇಲೆ ಕಾಣುತ್ತದೆ.

ತಳದಲ್ಲಿ ದಡದಿಂದ ಕುಸಿದ ಒರಟು ಮಣ್ಣು, ಹೆಂಟೆ, ಕಲ್ಲು. ಅದರ ಮೇಲೆ ನೀರು ತಂದು ಬಿಟ್ಟ ನಯವಾದ ಹೂಳು. ಅದರ ಮೇಲೆ ಪಕ್ಕದ ಹೊಲದಿಂದ ಸರಿದು ಬಂದ ಉಳುಮೆಯ ಕಪ್ಪು ಮಣ್ಣು. ನೀರು ಹರಿದಿದ್ದರೆ ಮರಳಿನ ತೆಳು ಎಳೆ, ನಿಂತಿದ್ದರೆ ಬೂದುಬಣ್ಣದ ಜಿಗುಟು. ಸೋಸಿದರೆ ಸಾಸಿವೆಯಷ್ಟು ಶಂಖುಗಳು ಸಿಗುತ್ತವೆ; ಜೌಗಿನಲ್ಲಿ ಬದುಕುವ ಬಸವನಹುಳು ಬೇರೆ, ಬಿಸಿಲು ಹುಲ್ಲಿನಲ್ಲಿ ಬದುಕುವುದು ಬೇರೆ. ಹೊಲದಲ್ಲಿ ಮಡಕೆಯ ಚೂರು ಸಿಕ್ಕಿತೆಂದರೆ ಅಲ್ಲಿ ಮನೆಯಿತ್ತು ಎಂದಲ್ಲ. ತಿಪ್ಪೆಯ ಗೊಬ್ಬರದ ಜೊತೆ ಮನೆಯ ಒಡಕು ಮಡಕೆಯೂ ಹೊಲ ಸೇರುತ್ತದೆ. ಒಂದು ಪದರದಲ್ಲಿ ಹತ್ತು ಚೂರು ಸಿಕ್ಕರೆ ಎಲ್ಲಕ್ಕಿಂತ ಹೊಸದು ಯಾವುದೋ ಅದರ ಮೇಲೆ ಕಾಲ ಗೊತ್ತುಮಾಡಬೇಕು. ಆ ಪದರ ಆ ಚೂರಿಗಿಂತ ಹಳೆಯದಾಗಿರಲಾರದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮರುತೋಡು. ಹೂಳು ತುಂಬಿದ ಕಾಲುವೆಯನ್ನು ಯಾರೋ ಮತ್ತೆ ತೋಡಿದರೆ ಹಳೆಯ ಪದರಗಳನ್ನು ಕತ್ತರಿಸಿಕೊಂಡು ಹೊಸ ಅಂಚು ಇಳಿಯುತ್ತದೆ. ಕೆಲವು ಕಾಲುವೆಗಳಲ್ಲಿ ಇಂಥ ಅಂಚು ಮೂರು, ನಾಲ್ಕು. ತಲೆಮಾರಿನ ಮೇಲೆ ತಲೆಮಾರು ಬೇಸಿಗೆಯಲ್ಲಿ ಇಳಿದು ಕೆಸರು ಎತ್ತಿದ ಗುರುತು ಅದು. ಇದರಲ್ಲೊಂದು ತೊಡಕೂ ಇದೆ. ಹೂಳು ತೆಗೆದಾಗಲೆಲ್ಲ ಅದರೊಳಗಿನ ಸಾಕ್ಷಿಯೂ ಹೊರಗೆ ಹೋಗುತ್ತದೆ. ನೂರು ವರ್ಷ ಚೆನ್ನಾಗಿ ನೋಡಿಕೊಂಡ ಕಾಲುವೆಯಲ್ಲಿ ಆ ನೂರು ವರ್ಷದ ಮಣ್ಣು ಬಹುಮಟ್ಟಿಗೆ ಇರುವುದೇ ಇಲ್ಲ. ಈಗ ಸಿಗುವ ಹೂಳಿನಲ್ಲಿ ಹೆಚ್ಚಿನದು ಜನ ಕೈಬಿಟ್ಟ ಮೇಲೆ ತುಂಬಿದ್ದು.

ಕೈಬಿಟ್ಟರೆ ಎಷ್ಟು ಬೇಗ ಮುಚ್ಚುತ್ತದೆ? ಇದನ್ನು ಅಳೆಯಲೆಂದೇ 1960ರಲ್ಲಿ ವಿಲ್ಟ್‌ಶೈರಿನ ಓವರ್ಟನ್ ಡೌನ್ ಎಂಬಲ್ಲಿ ಒಂದು ಕಾಲುವೆ ತೋಡಿ, ಆ ಮಣ್ಣಿನಿಂದ ಪಕ್ಕದಲ್ಲೇ ಒಡ್ಡು ಹಾಕಿ, ಹಾಗೇ ಬಿಟ್ಟರು. 2, 4, 8, 16, 32, 64, 128 ವರ್ಷಗಳಿಗೊಮ್ಮೆ ಅದನ್ನು ಕೊಯ್ದು ನೋಡುವ ಯೋಜನೆ. ಕೊನೆಯ ಸರದಿ 2088ಕ್ಕೆ; ಶುರು ಮಾಡಿದವರಲ್ಲಿ ಯಾರೂ ಇರುವುದಿಲ್ಲವೆಂದು ಗೊತ್ತಿದ್ದೇ ಹಾಕಿದ ಲೆಕ್ಕ. ಮೊದಲ ಕೆಲವೇ ವರ್ಷಗಳಲ್ಲಿ ದಡ ಬಿರುಸಾಗಿ ಕುಸಿದು ತಳ ತುಂಬಿತು. ಹುಲ್ಲು ಹಿಡಿದ ಮೇಲೆ ತುಂಬುವುದು ನಿಧಾನವಾಯಿತು.

ತೋಡಿದ ಮಣ್ಣನ್ನು ಯಾವ ಕಡೆ ಹಾಕಿದರು ಎಂಬುದೂ ಸಾಕ್ಷಿಯೇ. ಇಂಗ್ಲೆಂಡಿನ ನ್ಯಾಯಾಲಯದಲ್ಲಿ 1810ರಲ್ಲಿ ವೌಲ್ಸ್ ಮತ್ತು ಮಿಲ್ಲರ್ ಎಂಬವರ ನಡುವೆ ನಡೆದ ಒಂದು ವ್ಯಾಜ್ಯ ಇದಕ್ಕೆ ಹೆಸರಾಗಿದೆ. ಎರಡು ಹೊಲದ ನಡುವೆ ಬೇಲಿಯೂ ಕಾಲುವೆಯೂ ಇದ್ದರೆ ಎಲ್ಲೆ ಯಾವುದು? ಯಾರೂ ಪಕ್ಕದವನ ನೆಲ ತೋಡುವ ಹಾಗಿಲ್ಲ. ಆದ್ದರಿಂದ ತನ್ನ ನೆಲದ ಕಟ್ಟಕಡೆಯ ಅಂಚಿನಲ್ಲಿ ತೋಡುತ್ತಾನೆ. ಮಣ್ಣನ್ನೂ ಪಕ್ಕದವನ ಮೇಲೆ ಹಾಕುವ ಹಾಗಿಲ್ಲ; ತನ್ನ ಕಡೆಗೇ ಹಾಕಿ ಅದರ ಮೇಲೆ ಬೇಲಿ ನೆಡುತ್ತಾನೆ. ಹಾಗಾಗಿ ಬೇರೆ ಪುರಾವೆ ಇಲ್ಲದಿದ್ದರೆ, ಬೇಲಿಯ ಕಡೆಯಿಂದ ನೋಡಿದಾಗ ಕಾಲುವೆಯ ಆಚೆ ದಡವೇ ಎಲ್ಲೆ. ಸಲಿಕೆ ಹಿಡಿದವನ ಮರ್ಯಾದೆಯನ್ನೇ ಕಾಯಿದೆ ಮಾಡಿದ್ದಾರೆ ಎಂದು ನನಗನಿಸಿತು.

ವಾರಂ ಪರ್ಸಿಯಲ್ಲಿ ತಿಳಿದ ದೊಡ್ಡ ಸಂಗತಿಯೂ ಎಲ್ಲೆಯದೇ. ಮನೆಗಳ ಅಡಿಪಾಯ ಒಂದರ ಮೇಲೊಂದು, ಪ್ರತಿ ಸಲ ತುಸು ಓರೆಯಾಗಿ, ತುಸು ಸರಿದು ಸಿಕ್ಕವು. ಬಡ ರೈತರ ಮನೆ ತಲೆಮಾರಿಗೊಮ್ಮೆ ಬಿದ್ದು ಹೋಗುತ್ತಿತ್ತು ಎಂದು ಮೊದಲು ತಿಳಿದರು. ಸ್ಟುವರ್ಟ್ ರಾತ್‌ಮೆಲ್ ಎಂಬವರು ಅದೇ ಸಾಕ್ಷಿಯನ್ನು ಮತ್ತೆ ಓದಿ, ಹಾಗಲ್ಲ, ಭಾರ ಹೊತ್ತದ್ದು ಬಾಗಿದ ಮರದ ತೊಲೆಗಳ ಚೌಕಟ್ಟು, ಬದಲಾಗುತ್ತಿದ್ದದ್ದು ನಡುವಿನ ಗೋಡೆ ಮಾತ್ರ ಎಂದು ತೋರಿಸಿದರು. ಆದರೆ ಮನೆಯ ಜಾಗಕ್ಕೂ ಪಕ್ಕದ ಜಾಗಕ್ಕೂ ನಡುವಿನ ಗೆರೆ ಬಹುಕಾಲ ಅಲುಗಿರಲಿಲ್ಲ. ಅಷ್ಟೇ ಅಲ್ಲ, ಅವುಗಳಲ್ಲಿ ಕೆಲವು ರೋಮನ್ ಕಾಲದ, ಅದಕ್ಕೂ ಹಿಂದಿನ ಹೊಲಗಳ ಗೆರೆಯನ್ನೇ ಹಿಡಿದಿದ್ದವು. ರಾಜ್ಯ, ಭಾಷೆ, ದೇವರು ಬದಲಾದರೂ ಬದು ಅಲ್ಲೇ ಉಳಿದಿತ್ತು. ಅದನ್ನು ಯಾರೂ ಶಾಸನದಲ್ಲಿ ಬರೆದು ಉಳಿಸಲಿಲ್ಲ. ಇವನು ಕಾಲುವೆ ತೋಡಿದಾಗ ಅವನು ಕಂಡ, ಅವನು ತೋಡಿದಾಗ ಇವನು ಕಂಡ, ಅಷ್ಟೆ.

ಅಂಥ ಊರು ಹಾಳಾದದ್ದು ಹೇಗೆ? 1348-49ರ ಮಹಾಮಾರಿಯಲ್ಲಿ ಜನ ಸತ್ತರೂ ಊರು ಉಳಿದಿತ್ತು. ಉಣ್ಣೆಗೆ ಬೆಲೆ ಬಂದು, ಉಳುವವರಿಗಿಂತ ಕುರಿ ಲಾಭವೆಂದು ಒಡೆಯರಿಗೆ ಕಂಡಾಗ ಅದು ಉಳಿಯಲಿಲ್ಲ. ಸುಮಾರು 1500ರ ಹೊತ್ತಿಗೆ ಕೊನೆಯ ಮನೆಗಳೂ ಖಾಲಿಯಾದವು. ಕಾಲುವೆಗಳಲ್ಲಿ ಕೊನೆಯ ಹೂಳು ಆಗಿನಿಂದ ತುಂಬತೊಡಗಿತು.

ಇದಕ್ಕೆ ಎದುರಾದ ಊರೊಂದು ಇನ್ನೂ ಇದೆ. ನಾಟಿಂಗ್‌ಹ್ಯಾಮ್ ಸೀಮೆಯ ಲ್ಯಾಕ್ಸ್ಟನ್. 1635ರಲ್ಲಿ ಮಾಡಿದ ಅದರ ನಕ್ಷೆ ಉಳಿದಿದೆ. ಬೇಲಿಯಿಲ್ಲದ ಮೂರು ದೊಡ್ಡ ಬಯಲುಗಳಲ್ಲಿ ಪಟ್ಟಿ ಹಂಚಿಕೊಂಡು ಬೇಸಾಯ ಮಾಡುವ ಪದ್ಧತಿ ಇಂದಿಗೂ ನಡೆಯುತ್ತಿದೆ. ನೀರು ಇಳಿಯುವ ತಗ್ಗುಗಳನ್ನು ಉಳದೆ ಹುಲ್ಲಿಗೆ ಬಿಡುತ್ತಾರೆ. ಪ್ರತಿ ವರ್ಷ ನವೆಂಬರಿನಲ್ಲಿ ಊರಿನ ಪಂಚರು ಗೋಧಿ ಬಿತ್ತಿದ ಬಯಲು ಸುತ್ತಿ, ಎಲ್ಲೆಗಳಿಗೆ ಗೂಟ ಬಡಿದು, ಒತ್ತಿ ಉತ್ತವನಿಗೆ ದಂಡ ಹಾಕುತ್ತಾರೆ. ದಂಡ ದೊಡ್ಡದಲ್ಲ. ನಾಲ್ಕು ಮಂದಿಯ ಎದುರು ಹೆಸರು ಕೂಗುತ್ತಾರಲ್ಲ, ಅದಕ್ಕೆ ಅಂಜಿಕೆ.

ಇಂಗ್ಲೆಂಡಿನ ಆ ಉಳುಮೆಗೂ ನಮ್ಮ ಪಹಣಿಗೂ ಒಂದು ನಂಟಿದೆ, ಅದು ನನಗೆ ತಿಳಿದದ್ದು ಗುಂಟೆಯ ಲೆಕ್ಕ ಹಾಕುವಾಗ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಈ 33 ಎಲ್ಲಿಂದ ಬಂತು? ಇಂಗ್ಲೆಂಡಿನ ಹಳೆಯ ಅಳತೆಗೋಲು ಹದಿನಾರೂವರೆ ಅಡಿ. ಎರಡು ಗೋಲು ಸೇರಿದರೆ 33. ಆ ಗೋಲಿನಲ್ಲಿ 40 ಗೋಲು, ಅಂದರೆ 220 ಗಜ, ಒಂದು ನೇಗಿಲ ಸಾಲಿನ ಉದ್ದ. 4 ಗೋಲು, ಅಂದರೆ 22 ಗಜ, ಪಟ್ಟಿಯ ಅಗಲ. ಕ್ರಿಕೆಟ್ ಪಿಚ್ಚಿನ ಉದ್ದವೂ ಅದೇ. ಉದ್ದ ಅಗಲ ಗುಣಿಸಿದರೆ ಒಂದು ಎಕರೆ, ಎತ್ತಿನ ಏರು ಒಂದು ದಿನದಲ್ಲಿ ಉಳುವಷ್ಟು ನೆಲವೆಂದು ರೂಢಿಯ ಮಾತು. ಅದರ ನಲವತ್ತನೇ ಒಂದು ಪಾಲು ನಮ್ಮ ಗುಂಟೆ.

ಆ ಎಕರೆ ನಮ್ಮ ಸೀಮೆಗೆ ಬಂದದ್ದು ನಾನೀಗ ಇರುವ ಪುಣೆಯ ಕಡೆಯಿಂದಲೇ. 1830ರ ದಶಕದ ನಡುವಿನಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಇಂದಾಪುರ ತಾಲೂಕಿನಲ್ಲಿ ಹೊಸ ಮೋಜಣಿ ಶುರು ಮಾಡಿದರು. 1840ರ ದಶಕದಲ್ಲಿ ಅದು ಧಾರವಾಡ ಸೀಮೆಗೂ ಬಂತು. 1847ರ ವರದಿಯಲ್ಲಿ ಅದರ ನಿಯಮಗಳು ಗಟ್ಟಿಯಾದವು. ಒಂದು ಜೋಡಿ ಎತ್ತು ಬೇಸಾಯ ಮಾಡಬಲ್ಲಷ್ಟು ನೆಲಕ್ಕೆ ಒಂದು ಸರ್ವೆ ನಂಬರು, ಮೂಲೆಗಳಲ್ಲಿ ಬಾಂದು ಕಲ್ಲು. ನಮ್ಮ ಮನೆಯ ಜಗಳಗಳೆಲ್ಲ ಇವತ್ತಿಗೂ ಆ ಕಲ್ಲಿನ ಸುತ್ತಲೇ.

ಅದಕ್ಕೂ ಹಿಂದೆ ನಮ್ಮಲ್ಲಿ ಎಲ್ಲೆ ಇರಲಿಲ್ಲವೇ? ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ನೆಲದ ಅಳತೆ ಮತ್ತರು, ಕಮ್ಮಗಳಲ್ಲಿದೆ. ಅಳೆದ ಗಳೆಯ ಹೆಸರೂ ಇರುತ್ತದೆ. ಮೂಡಣಕ್ಕೆ ಹುತ್ತ, ತೆಂಕಣಕ್ಕೆ ಹಳ್ಳ, ಪಡುವಣಕ್ಕೆ ನಟ್ಟ ಕಲ್ಲು, ಬಡಗಣಕ್ಕೆ ಮರ, ಹೀಗೆ ದಿಕ್ಕು ದಿಕ್ಕಿಗೂ ಎಲ್ಲೆ ಹೇಳುತ್ತಾರೆ. ಆದರೆ ಅದು ದಾನ ಕೊಟ್ಟ ನೆಲದ ಮಾತು. ಯಾರಿಗೂ ದಾನ ಹೋಗದ ಸಾದಾ ಹೊಲದ ಬದುವನ್ನು ಕಲ್ಲಿನಲ್ಲಿ ಬರೆಸಿದವರು ಕಡಿಮೆ. ಅದನ್ನು ಮಣ್ಣಿನಲ್ಲೇ ಹುಡುಕಬೇಕು. ಹಂಪಿಯ ಸುತ್ತ 1980ರ ದಶಕದ ಕೊನೆಯಿಂದ ಕ್ಯಾಥ್ಲೀನ್ ಮಾರಿಸನ್ ಮತ್ತು ಕಾರ್ಲಾ ಸಿನೋಪೊಲಿ ಅರಮನೆಗಳಿಗೆ ಬೆನ್ನು ಹಾಕಿ ಹೊರಗಿನ ಕೆರೆ, ಕಾಲುವೆ, ಹೊಲದ ಒಡ್ಡುಗಳನ್ನು ನಡೆದು ದಾಖಲಿಸಿದರು. ಮಾರಿಸನ್ ಕಮಲಾಪುರದ ಕೆರೆಯ ಹೂಳನ್ನೇ ಕೊರೆದು ತೆಗೆದು, ಅದರಲ್ಲಿ ಉಳಿದ ಪರಾಗದಿಂದ ಸುತ್ತ ಏನು ಬೆಳೆದಿತ್ತೆಂದು ಓದಿದರು. ನಮ್ಮ ಹೊಲಗಳ ಚರಿತ್ರೆಗೂ ದಾರಿಯಿದೆ ಎಂದು ನನಗೆ ಧೈರ್ಯ ಬಂದದ್ದು ಇದನ್ನು ಓದಿ.

ಈ ಏಪ್ರಿಲಿನಲ್ಲಿ ಸರ್ವೆ ಆಯಿತು. ರಜೆ ಹಾಕಿ ನಾನೂ ಹೋದೆ. ಕಾಕಾನ ಮಗ ಮುಖ ಕೊಟ್ಟು ಮಾತಾಡಲಿಲ್ಲ. ಜಾಲಿಯ ಪೊದೆಯಲ್ಲಿ ಹೂತಿದ್ದ ಬಾಂದು ಕಲ್ಲು ಸಿಕ್ಕಿತು, ಗೆರೆ ಹಾಕಿದರು. ಕಾಲುವೆ ಮತ್ತೆ ತೋಡುವುದಕ್ಕೆ ಮಾತ್ರ ಎರಡೂ ಕಡೆ ಒಪ್ಪಿದರು; ನೀರು ನಿಂತದ್ದು ಇಬ್ಬರ ಹೊಲದಲ್ಲೂ ತಾನೆ. ಜೆಸಿಬಿ ಮೊದಲ ಗುಂಡಿಯನ್ನು ಗೆರೆಗೆ ಅಡ್ಡವಾಗಿ ತೆಗೆದಾಗ ನಾನು ಗುಂಡಿಗೆ ಇಳಿದು ಕುರ್ಪಿಯಿಂದ ಅದರ ಗೋಡೆ ಕೆರೆದೆ. ಅಣ್ಣ, "ಏನ ಹುಡುಕತೀಯೋ ಮಾರಾಯಾ," ಎಂದ.

ಎರೆಮಣ್ಣಿನ ಕೆಳಗೆ ಬೂದು ಜಿಗುಟು ಹೂಳು ಕಂಡಿತು, ಬೋಗುಣಿಯ ಆಕಾರದಲ್ಲಿ. ಅಪ್ಪನ ಕಾಲದ ಕಾಲುವೆ. ಅದರ ಹೆಚ್ಚಿನ ಪಾಲು ನಮ್ಮ ಗೋವಿನಜೋಳದ ಕಡೆಗಿತ್ತು. ಅಂದರೆ ಅದನ್ನು ಮುಚ್ಚಿ ಉತ್ತವರಲ್ಲಿ ನಾವೇ ಮುಂದೆ. ಹೂಳಿನ ತಳದ ಹತ್ತಿರ ಯೂರಿಯಾ ಚೀಲದ ಪ್ಲಾಸ್ಟಿಕ್ ಎಳೆಯೊಂದು ಸಿಕ್ಕಿಕೊಂಡಿತ್ತು. ಹೊಸ ಚೂರಿನ ಮೇಲೆ ಕಾಲ ಹೇಳಬೇಕೆಂದು ಓದಿದ್ದೆನಲ್ಲ. ಅಪ್ಪ ಮತ್ತು ಕಾಕಾ ಪ್ರತಿ ಬೇಸಿಗೆ ಸೇರಿ ಇಲ್ಲಿ ಕೆಸರು ಎತ್ತುತ್ತಿದ್ದರು; ಬುಟ್ಟಿ ಹೊರುವ ಕೆಲಸ ನಮ್ಮದು. ಆ ಕಾಲದ ಮಣ್ಣು ಒಂದು ಹಿಡಿಯೂ ಅಲ್ಲಿರಲಿಲ್ಲ. ಗೋಡೆಯಲ್ಲಿ ಕಾಣುತ್ತಿದ್ದದ್ದೆಲ್ಲ ಅವರು ನಿಲ್ಲಿಸಿದ ಮೇಲಿನ ಹೂಳು, ನಾನು ಊರು ಬಿಟ್ಟ ಮೇಲಿನದು.

ಅಣ್ಣನೂ ಇಳಿದು ನೋಡಿದ. ವಿವರಿಸಬೇಕಾಗಲಿಲ್ಲ, ಮಣ್ಣು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಮೇಲೆ ನಿಂತಿದ್ದ ಕಾಕಾನ ಮಗನಿಗೆ, "ಜೆಸಿಬಿ ಬಾಡಿಗಿ ಅರ್ಧರ್ಧ ಬ್ಯಾಡೋ, ಮುಕ್ಕಾಲು ನಾವು ಕೊಡತೇವಿ," ಎಂದ. ಅವನು ಹೂಂ ಎಂದನೇ ಹೊರತು ಹತ್ತಿರ ಬರಲಿಲ್ಲ.

ಸಂಜೆ ಬಸ್ಸಿಗೆ ಬಿಡಲು ಬಂದಾಗ ಅಣ್ಣ ಕೇಳಿದ: "ತೋಡಿಸಿದ್ದೇನೋ ಆತು. ವರ್ಷಾ ವರ್ಷಾ ಹೂಳ ತಗಿಯಾಕ ಯಾರ ಬರತಾರ?"

ಪಹಣಿಯಲ್ಲಿ ನನ್ನ ಹೆಸರಿದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಪುಣೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಮುಂದಿನ ಏಪ್ರಿಲಿಗೆ ನಾಲ್ಕು ದಿನ ರಜೆ ಗುರುತು ಹಾಕಿದ್ದು. ಅಣ್ಣನಿಗೆ ಇನ್ನೂ ಹೇಳಿಲ್ಲ. ಹೋಗಿ ಸಲಿಕೆ ಹಿಡಿದ ಮೇಲೆ ಅವನಿಗೇ ತಿಳಿಯುತ್ತದೆ.